ನಕ್ಷೆಯಲ್ಲಿ ನಿಂತ ಜೋಕಾಲಿ

ಮೊನ್ನೆ ಕಪಾಟು ಒರೆಸುವಾಗ ಹಸಿರು ಪ್ಲಾಸ್ಟಿಕ್ಕಿನ ಒಂದು ಅಚ್ಚುಹಾಳೆ ಕೈಗೆ ಸಿಕ್ಕಿತು. ನೀವು ಅಂಥದ್ದನ್ನು ನೋಡಿರಲಿಕ್ಕಿಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡದಾದ ತೆಳು ಹಾಳೆ. ಅದರ ತುಂಬ ಬಗೆಬಗೆಯ ಆಕಾರದ ತೂತುಗಳು. ಸೋಫಾ, ಮಂಚ, ಊಟದ ಮೇಜು, ಕಮೋಡು, ಕೈ ತೊಳೆಯುವ ಬೇಸಿನ್ನು, ಎಲ್ಲವೂ ಮೇಲಿನಿಂದ ಬಗ್ಗಿ ನೋಡಿದರೆ ಹೇಗೆ ಕಾಣುತ್ತವೋ ಹಾಗೆ. ತೂತಿನೊಳಗೆ ಪೆನ್ಸಿಲು ಇಟ್ಟು ಒಂದು ಸುತ್ತು ಸುತ್ತಿಸಿದರೆ ಕಾಗದದ ಮೇಲೆ ಸಂಸಾರ ತಯಾರು. ಹಾಳೆಯ ಒಂದು ಮೂಲೆಯಲ್ಲಿ ದೊಡ್ಡ ಪಿಯಾನೋ ಕೂಡ ಇದೆ. ಅಹಮದಾಬಾದಿನಲ್ಲಿ ಓದಿದ ಅಷ್ಟೂ ವರ್ಷ, ಕೆಲಸಕ್ಕೆ ಸೇರಿದ ಮೇಲೂ, ನಾನು ಯಾರ ಮನೆಗೂ ಪಿಯಾನೋ ಇಟ್ಟುಕೊಟ್ಟಿಲ್ಲ. ಕೇಳಿದವರೂ ಇಲ್ಲ. ಅವರು ಕೇಳಿದ್ದು ಜೋಕಾಲಿಯನ್ನು. ಅದರ ತೂತು ಈ ಹಾಳೆಯಲ್ಲಿ ಇಲ್ಲ.

ನಾನು ಗದಗಿನವಳು. ಅಪ್ಪ ಅಲ್ಲೊಂದು ಸಣ್ಣ ಮುದ್ರಣಾಲಯ ಇಟ್ಟುಕೊಂಡಿದ್ದರು. ಲಗ್ನಪತ್ರಿಕೆ, ಬಿಲ್ ಪುಸ್ತಕ, ಚುನಾವಣೆ ಬಂದರೆ ಕರಪತ್ರ. ಶಾಲೆ ಬಿಟ್ಟ ಮೇಲೆ ನನಗೆ ಅಲ್ಲೊಂದು ಕೆಲಸವಿತ್ತು: ಅಚ್ಚು ಮುಗಿದ ಅಕ್ಷರದ ಮೊಳೆಗಳನ್ನು ಬಿಡಿಸಿ, ಮರದ ಪೆಟ್ಟಿಗೆಯಲ್ಲಿ ಅವುಗಳ ಮನೆಗೆ ವಾಪಸು ಹಾಕುವುದು. ‘ಕ’ದ ಮನೆಗೆ ‘ಕ’, ‘ಳ’ದ ಮನೆಗೆ ‘ಳ’. ತಪ್ಪಿ ಹಾಕಿದರೆ ಮರುದಿನ ಯಾರದೋ ಮಗಳ ಹೆಸರೇ ಪತ್ರಿಕೆಯಲ್ಲಿ ಬದಲಾಗುತ್ತಿತ್ತು. ಬೆರಳ ತುದಿ ಕಪ್ಪಾಗುತ್ತಿತ್ತು, ಸೀಸದ ವಾಸನೆ ರಾತ್ರಿ ಊಟದವರೆಗೂ ಹೋಗುತ್ತಿರಲಿಲ್ಲ. ಪ್ರತಿ ವಸ್ತುವಿಗೂ ಒಂದು ಜಾಗವಿದೆ, ಅದು ಅಲ್ಲೇ ಇರಬೇಕು ಎಂಬ ರೋಗ ನನಗೆ ಅಂಟಿದ್ದು ಅಲ್ಲಿ. ದಿನಚರಿ ಬರೆಯುವುದು ಅದೇ ರೋಗದ ಇನ್ನೊಂದು ಲಕ್ಷಣ. ತಾರೀಖು, ಎದ್ದ ಹೊತ್ತು, ನಡೆದ ಪಾಠ, ಸವೆದ ಬ್ಲೇಡು. ಬ್ಲೇಡು ಯಾಕೆಂದರೆ, ಟ್ರೇಸಿಂಗ್ ಕಾಗದದ ಮೇಲೆ ಶಾಯಿಯ ಗೆರೆ ತಪ್ಪಿದರೆ ಅದನ್ನು ಬ್ಲೇಡಿನಿಂದಲೇ ಕೆರೆದು ತೆಗೆಯಬೇಕು. ನನ್ನ ದಿನಚರಿಯ ಲೆಕ್ಕ ನಂಬುವುದಾದರೆ, ಮೊದಲ ವರ್ಷ ನಾನು ಬರೆದದ್ದಕ್ಕಿಂತ ಕೆರೆದದ್ದೇ ಹೆಚ್ಚು.

ಅಹಮದಾಬಾದಿನ ನಮ್ಮ ಕಾಲೇಜಿನಲ್ಲಿ ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ. ಎರಡನೆಯ ವರ್ಷಕ್ಕೆ ದಾರಿ ಕವಲೊಡೆಯುತ್ತಿತ್ತು: ಒಂದು ಕಡೆ ಕಟ್ಟಡದ ವಾಸ್ತುಶಿಲ್ಪ, ಇನ್ನೊಂದು ಕಡೆ ಒಳಾಂಗಣದ ವಾಸ್ತುಶಿಲ್ಪ. ನಾನು ಒಳಾಂಗಣವನ್ನು ಆರಿಸಿಕೊಂಡೆ. ಸುದ್ದಿ ತಿಳಿಸಲು ಎಸ್‌ಟಿಡಿ ಬೂತಿನಿಂದ ಅಪ್ಪನಿಗೆ ಫೋನು ಮಾಡಿದೆ.

“ಅಂದ್ರ ಮನಿ ಕಟ್ಟೂದು ಕಲಿಯಾಂಗಿಲ್ಲಾ?”

“ಕಟ್ಟಿದ ಮನಿ ಒಳಗ ಹೆಂಗಿರಬೇಕು ಅನ್ನೂದು ಕಲೀತೀನ್ರಿ.”

“ಕುರ್ಚಿ ಎಲ್ಲಿ ಇಡಬೇಕು ಅನ್ನೂದನ್ನ ನಿಮ್ಮವ್ವ ಕಾಲೇಜಿಗೆ ಹೋಗಲಾರದನ ಕಲ್ತಾಳಲ್ಲವಾ, ತಂಗಿ.”

ಬೂತಿನ ಮೀಟರು ಕೆಂಪಗೆ ಓಡುತ್ತಿತ್ತು. ಫೋನು ಇಟ್ಟೆ.

ಇದೇ ಮಾತನ್ನು ಬೇರೆ ಧಾಟಿಯಲ್ಲಿ ಹೇಳುತ್ತಿದ್ದವಳು ಹೇತಲ್. ಊರಿನ ಸ್ಯಾಟಲೈಟ್ ಬಡಾವಣೆಯ ಒಂದು ಸೊಸೈಟಿಯಲ್ಲಿ ನಾವಿಬ್ಬರೂ ಸೇರಿ ಸಣ್ಣ ಫ್ಲಾಟು ಹಿಡಿದಿದ್ದೆವು. ಅವಳು ಸೂರತ್ತಿನ ಹುಡುಗಿ, ಕಟ್ಟಡದ ವಿಭಾಗಕ್ಕೆ ಹೋಗಿದ್ದಳು. “ನಾವು ಗೋಡೆ ನಿಲ್ಲಿಸ್ತೀವಿ, ನೀವು ಅದಕ್ಕೆ ಪರದೆ ನೇತುಹಾಕ್ತೀರಿ, ಅಷ್ಟೇ ತಾನೆ ಯಾರ್?” ಎನ್ನುತ್ತಿದ್ದಳು, ನನ್ನದೇ ತಟ್ಟೆಯಿಂದ ಥೇಪ್ಲಾ ರೊಟ್ಟಿ ಹರಿದು ತಿನ್ನುತ್ತ. ನಮ್ಮಿಬ್ಬರ ನಡುವಿನ ಭಾಷೆ ಹಿಂದಿ. ನಡುನಡುವೆ ಅವಳ ಗುಜರಾತಿ, ಸಿಟ್ಟು ಬಂದರೆ ನನ್ನ ಕನ್ನಡ.

ಮೂರನೆಯ ವರ್ಷದ ಮಳೆಗಾಲದಲ್ಲಿ ಸ್ಟುಡಿಯೋ ಮೇಷ್ಟ್ರು ನಮ್ಮ ವಿಭಾಗಕ್ಕೆ ಒಂದು ಕೆಲಸ ಕೊಟ್ಟರು. ಹಳೆಯ ಮನೆ ಬಿಟ್ಟು ಹೊಸ ಮನೆಗೆ ಹೋಗಲಿರುವ ಒಂದು ಕುಟುಂಬವನ್ನು ಹುಡುಕಬೇಕು. ಹಳೆಯ ಮನೆಯನ್ನು ಅಳೆಯಬೇಕು. ಅದೇ ಜನ, ಅದೇ ಸಾಮಾನು, ಹೊಸ ಮನೆಯಲ್ಲಿ ಹೇಗೆ ಇರುತ್ತಾರೆ ಎಂದು ನಕ್ಷೆ ಮಾಡಬೇಕು. ಹೇತಲ್ ಕೂಡಲೇ ಹೇಳಿದಳು: “ನಮ್ಮ ಮನೇನೇ ಮಾಡು. ದೀಪಾವಳಿಗೆ ಫ್ಲಾಟಿಗೆ ಹೋಗ್ತಿದ್ದೇವೆ. ಆದರೆ ಬಾ ಜೊತೆ ನೀನೇ ಜಗಳ ಆಡಬೇಕು, ನನ್ನ ಕೈಲಾಗಲ್ಲ.” ಬಾ ಎಂದರೆ ಅವಳ ಅಪ್ಪನ ತಾಯಿ, ಜೀವಿಬಾ. ಮನೆಮಂದಿಯೆಲ್ಲ ಅವರನ್ನು ಕರೆಯುತ್ತಿದ್ದುದು ಹಾಗೆಯೇ.

ಸೂರತ್ತಿಗೆ ರೈಲಿನಲ್ಲಿ ಹೊರಟೆವು. ವಡೋದರಾ ಬಂದಾಗ ಹೇತಲ್ ಇಳಿದು ಹಸಿ ಚೂಡಾ ತಂದಳು. ನಿಂಬೆ, ಸಕ್ಕರೆ, ಆಲೂಗಡ್ಡೆ ಎಲ್ಲ ಬೆರೆತ ಆ ಒದ್ದೆ ಅವಲಕ್ಕಿಯನ್ನು ತಿನ್ನುತ್ತ ನಾನು ನಮ್ಮೂರ ಒಗ್ಗರಣೆ ಅವಲಕ್ಕಿಯ ಪರವಾಗಿ ಭರೂಚಿನವರೆಗೂ ವಾದಿಸಿದೆ. ನರ್ಮದೆಯ ಸೇತುವೆ ಬಂದಾಗ ಪೊಟ್ಟಣ ಖಾಲಿಯಾಗಿತ್ತು. ಹೆಚ್ಚು ತಿಂದವಳು ನಾನೇ.

ಸೂರತ್ತಿನ ವರಾಛಾದಲ್ಲಿ ಅವರ ಬೀದಿಗೆ ಕಾಲಿಟ್ಟಾಗ ಮೊದಲು ಎದುರಾಗುವುದು ಸದ್ದು. ಮನೆ ಬಿಟ್ಟರೆ ಮನೆ ವಜ್ರ ಉಜ್ಜುವ ಕಾರ್ಖಾನೆ. ಒಳಗೆ ಚಕ್ರಗಳು ತಿರುಗುವ ಒಂದೇ ಸಮನಾದ ಗುಂಯ್ ಸದ್ದು. ಹೇತಲಳ ಅಪ್ಪ ಮನಸುಖಭಾಯಿಯ ಕಾರ್ಖಾನೆಯೂ ಅದೇ ಸಾಲಿನಲ್ಲಿತ್ತು. ಮನೆ ಅದರ ಪಕ್ಕಕ್ಕೆ. ಬಾಗಿಲು ದಾಟಿದೊಡನೆ ಇದ್ದ ಕೋಣೆಯಲ್ಲಿ, ಹಿತ್ತಾಳೆಯ ನಾಲ್ಕು ಸರಪಳಿಗಳಿಗೆ ತೂಗಿದ ಅಗಲವಾದ ತೇಗದ ಹಲಗೆ. ಅದರ ಮೇಲೆ ಜೀವಿಬಾ.

“ಆವ ದೀಕರಿ, ಬೇಸ,” ಎಂದರು. ಬಾ ಮಗಳೇ, ಕೂತುಕೋ. ಕೂರಲು ಬೇರೆ ಏನೂ ಇರಲಿಲ್ಲ. ಅವರ ಪಕ್ಕದಲ್ಲೇ ಕೂತೆ. ಹಲಗೆ ಓಲಾಡಿತು, ನಾನು ಸರಪಳಿ ಗಟ್ಟಿಯಾಗಿ ಹಿಡಿದೆ. ಅವರು ನನ್ನ ಕೈಯನ್ನು ನೋಡಿದರು. “ಯಾವೂರವಳು ಇದು? ಹೀಂಚಕೋ ಮೇಲೆ ಬಸ್ಸಿನಲ್ಲಿ ಕೂತ ಹಾಗೆ ಕೂತಿದೆ!”

ಹೀಂಚಕೋ, ಅಂದರೆ ನಮ್ಮ ಜೋಕಾಲಿ. ಆದರೆ ನಮ್ಮ ಕಡೆ ಜೋಕಾಲಿ ಪಂಚಮಿಗೆ ಮಾತ್ರ. ಮುದ್ರಣಾಲಯದ ಹಿಂದಿನ ಬೇವಿನಮರಕ್ಕೆ ಹಗ್ಗ ಬೀಳುತ್ತಿತ್ತು. ಒಂದು ಕೈಯಲ್ಲಿ ಶೇಂಗಾ ಉಂಡಿ, ಇನ್ನೊಂದು ಕೈಯಲ್ಲಿ ಹಗ್ಗ. ಹಲಗೆಯ ಮೇಲೆ ಇಬ್ಬಿಬ್ಬರು ನಿಂತು ಜೀಕುತ್ತಿದ್ದೆವು. ಮೇಲಿನ ಕೊಂಬೆಯ ಎಲೆಯನ್ನು ಬಾಯಲ್ಲಿ ಕಚ್ಚಿ ತಂದವರು ಗೆದ್ದಂತೆ. ನಾನು ಗೆದ್ದವಳಲ್ಲ. ಒಮ್ಮೆ ಅತ್ತ ಎಲೆಯೂ ಸಿಗದೆ ಇತ್ತ ಹಗ್ಗವೂ ಉಳಿಯದೆ ಸಗಣಿಯ ಗುಂಡಿಯಲ್ಲಿ ಇಳಿದದ್ದುಂಟು. ಹಬ್ಬ ಮುಗಿದರೆ ಹಗ್ಗ ಬಿಚ್ಚಿ ಅಟ್ಟಕ್ಕೆ. ಹೀಗಿರುವಾಗ, ಮನೆಯೊಳಗೆ ವರ್ಷವಿಡೀ ತೂಗುವ ಜೋಕಾಲಿ ನನಗೆ ಒಂದು ಅಲಂಕಾರದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಜೀವಿಬಾಗೆ ಅದು ಅಲಂಕಾರವಾಗಿರಲಿಲ್ಲ. ಮೆಂತ್ಯಸೊಪ್ಪು ಬಿಡಿಸುವುದು, ಅಕ್ಕಿ ಆರಿಸುವುದು, ಜಪ, ಬಾಗಿಲಲ್ಲಿ ಹೋಗುವವರ ವಿಚಾರಣೆ, ಮಧ್ಯಾಹ್ನದ ನಿದ್ದೆ, ಎಲ್ಲ ಅದರ ಮೇಲೆಯೇ. ಕಾಲಿನ ಹೆಬ್ಬೆರಳು ನೆಲಕ್ಕೆ ತಾಗುತ್ತಿತ್ತು, ಹಲಗೆ ಹೋಗುತ್ತಿತ್ತು, ಬರುತ್ತಿತ್ತು. ಮಗ ಕಾರ್ಖಾನೆಯಿಂದ ಬಂದರೆ ಅವರು ಕಾಲೂರಿ ಜೋಕಾಲಿಯನ್ನು ನಿಲ್ಲಿಸುತ್ತಿದ್ದರು; ಮನಸುಖಭಾಯಿ ಮುಂದಿನಿಂದ ದಾಟಿ ಒಳಗೆ ಹೋಗುತ್ತಿದ್ದರು; ಜೀವಿಬಾ ಮತ್ತೆ ತೂಗತೊಡಗುತ್ತಿದ್ದರು. ತಾಯಿ ಮಗನ ನಡುವೆ ದಿನದ ವ್ಯವಹಾರ ಬಹುಮಟ್ಟಿಗೆ ಇಷ್ಟೇ. ಜಗಳವೇನೂ ಇರಲಿಲ್ಲ. ಮಗನಿಗೆ ಬಿಡುವಿರಲಿಲ್ಲ, ತಾಯಿಗೆ ಏನನ್ನೂ ಕೇಳುವ ಅಭ್ಯಾಸವಿರಲಿಲ್ಲ.

ನಾನು ಟೇಪು ಬಿಚ್ಚಿ ಅಳೆಯತೊಡಗಿದೆ. ನೀರಿನ ಮಡಕೆಯ ಕಟ್ಟೆ, ಉಪ್ಪಿನಕಾಯಿ ಭರಣಿ, ದೇವರ ಗೂಡು, ಪ್ರತಿಯೊಂದರ ಉದ್ದ, ಅಗಲ, ಎತ್ತರ. ಜೋಕಾಲಿಯ ಹಲಗೆಯನ್ನೂ ಅಳೆದೆ, ಅದರ ಸರಪಳಿಯನ್ನೂ.

“ನನ್ನನ್ನೂ ಅಳೀತೀಯಾ?” ಎಂದರು ಜೀವಿಬಾ. “ಹೊಸ ಮನೆ ಬಾಗಿಲಲ್ಲಿ ಹಿಡಿಸ್ತೀನೋ ಇಲ್ಲವೋ ನೋಡಿಬಿಡು. ನನ್ನ ಮಗನಿಗೆ ಅದೊಂದು ಚಿಂತೆ ಕಡಿಮೆಯಾಗಲಿ.”

ಚಿಂತೆ ನಿಜವಾಗಿಯೂ ಇತ್ತು. ಹೊಸ ಫ್ಲಾಟಿನ ಹಾಲ್ ದೊಡ್ಡದಲ್ಲ. ವ್ಯಾಪಾರದವರು ಬಂದು ಕೂರಲು ಮನಸುಖಭಾಯಿಗೆ ಸೋಫಾ ಬೇಕು. ಹೇತಲಳ ಅಮ್ಮನಿಗೆ ಊಟದ ಮೇಜು ಬೇಕು. ಜೀವಿಬಾ ಮಾತ್ರ ಹೀಂಚಕೋ ಇಲ್ಲದ ಮನೆಗೆ ತಾನು ಬರುವುದಿಲ್ಲ, ಊರಿಗೆ ಹೋಗಿ ದಾಯಾದಿಗಳ ಮನೆಯಲ್ಲಿ ಇರುತ್ತೇನೆ ಎಂದುಬಿಟ್ಟಿದ್ದರು. ಹಳೆಯ ಮನೆ ಕೊಂಡವರಿಗೆ ಆ ತೇಗದ ಹಲಗೆಯ ಮೇಲೆ ಆಗಲೇ ಕಣ್ಣು ಬಿದ್ದಿತ್ತು.

“ನೋಡು ಬೇಟಾ,” ಎಂದರು ಮನಸುಖಭಾಯಿ ನನಗೆ, ಚಹಾವನ್ನು ಬಸಿಗೆ ಸುರಿಯುತ್ತ. “ನಾನು ಕೆಟ್ಟವನಲ್ಲ. ನಿನ್ನ ನಕ್ಷೆಯಲ್ಲಿ ಹೀಂಚಕೋ ಕೂತರೆ ತರ್ತೀನಿ. ಕೂರದಿದ್ದರೆ ಮನೆ ಜೊತೆ ಕೊಟ್ಟುಬಿಡ್ತೀನಿ. ಲೆಕ್ಕದ ಮಾತು ಬಾ ಕೂಡ ಒಪ್ಪಬೇಕು.”

ಜೀವಿಬಾ ಮಗನನ್ನು ನೋಡಲಿಲ್ಲ. ನನ್ನನ್ನು ನೋಡಿದರು.

ಅಹಮದಾಬಾದಿಗೆ ಮರಳಿದ ಮೇಲೆ ಬಂದ ಭಾನುವಾರ ಊರಂಚಿನ ಚಾಂದ್‌ಖೇಡಾಕ್ಕೆ ಹೋದೆ. ಅಲ್ಲಿ ತೈಲ ಕಂಪನಿಯ ಕ್ವಾರ್ಟರ್ಸಿನಲ್ಲಿ ನಮ್ಮ ಚಿಕ್ಕಪ್ಪನ ಮನೆ. ಎಲ್ಲ ಮನೆಗಳೂ ಒಂದೇ ನಕ್ಷೆಯವು. ಕಣ್ಣು ಮುಚ್ಚಿಕೊಂಡು ಯಾರ ಮನೆಯಲ್ಲಿ ಬೇಕಾದರೂ ಅಡುಗೆಮನೆಗೆ ಹೋಗಬಹುದು. ಬಾಗಿಲು ತೆರೆದವನು ಚಿಕ್ಕಪ್ಪನ ಮಗ ಅಪೂರ್ವ. “ಅಮ್ಮಾ, ಅಕ್ಕಾ ಆ ಗಯೀ! ನನಗೆ ಇವತ್ತು ರೊಟ್ಟಿ ನಹೀ ಬೇಕು!” ಎರಡನ್ನೂ ಒಂದೇ ಉಸಿರಿಗೆ ಹೇಳಿ ಆಡಲು ಓಡಿದ. ಚಿಕ್ಕಮ್ಮ ರೊಟ್ಟಿ ಬಡಿಯುತ್ತಲೇ ನನ್ನ ಕೆಲಸದ ಸುದ್ದಿ ಕೇಳಿಸಿಕೊಂಡರು.

“ಮನಿಯೊಳಗ ಜೋಕಾಲೀನ? ವರ್ಷಾನಗಟ್ಟಲೆ ತೂಗಿಕೋತ ಕುಂತ್ರ ಹಿಟ್ಟು ಯಾರ ನಾದಬೇಕು? ಒಂದು ಮೂಲಿ ನೋಡಿ ಇಟ್ಟಬಿಡವಾ. ಮುದಕಿಗೆ ಕುಂದರಾಕ ಜಾಗ ಸಿಕ್ರ ಸಾಕು.”

ನಾನು ಮಾಡಿದ್ದೂ ಅದನ್ನೇ. ಜೋಕಾಲಿಗೆ ಜಾಗ ಹುಡುಕುವ ಕಷ್ಟವೂ ಇರಲಿಲ್ಲ. ಆ ಊರುಗಳಲ್ಲಿ ಬಿಲ್ಡರುಗಳು ಹಾಲಿನ ಛಾವಣಿ ಹಾಕುವಾಗಲೇ ಹೀಂಚಕೋಗೆಂದು ನಾಲ್ಕು ಕೊಂಡಿ ಬಿಟ್ಟಿರುತ್ತಾರೆ. ಗುಜರಾತಿನ ಆ ದೊಡ್ಡ ಭೂಕಂಪ ಆಗಿ ಹೆಚ್ಚು ಕಾಲವಾಗಿರಲಿಲ್ಲ. ಛಾವಣಿಗೆ ಹೊಸದಾಗಿ ತೂತು ಕೊರೆಯುವ ಮಾತು ಎತ್ತಿದರೆ ಜನ ಬೆಚ್ಚುತ್ತಿದ್ದರು. ಹೀಗಾಗಿ ಕೊಂಡಿ ಎಲ್ಲಿದೆಯೋ ಅಲ್ಲೇ ಜೋಕಾಲಿ. ಕೊಂಡಿಗಳ ಕೆಳಗೆ ನಾನು ಹಲಗೆಯ ಅಳತೆಯ ಒಂದು ಆಯತ ಬರೆದೆ. ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಸೊನ್ನೆ, ಸರಪಳಿಗಳ ಗುರುತು. ಅದರ ಬೆನ್ನಿಗೆ ಸೋಫಾ, ಮುಂದೆ ಊಟದ ಮೇಜು. ಎಲ್ಲವೂ ಹಿಡಿಸಿತು. ಒಂದೂ ಇನ್ನೊಂದಕ್ಕೆ ತಾಗಲಿಲ್ಲ. ಮೇಷ್ಟ್ರು ನೋಡಿ, “ಬಹಳ ಶಾಂತವಾದ ನಕ್ಷೆ,” ಎಂದರು. ಆ ಮಾತನ್ನು ದಿನಚರಿಯಲ್ಲಿ ಬರೆದು ಅಡಿಗೆರೆ ಎಳೆದೆ. ಹೇತಲ್ ಸೂರತ್ತಿಗೆ ಫೋನು ಮಾಡಿ ಹೇಳಿದಳು: ಕೂತಿತು!

ಇನ್ನೊಂದು ಮೆಟ್ಟಿಲು ಬಾಕಿಯಿತ್ತು. ನಕ್ಷೆಯ ಮುಖ್ಯ ಕೋಣೆಯನ್ನು ನೆಲದ ಮೇಲೆ ನಿಜದ ಅಳತೆಯಲ್ಲಿ ಬರೆದು, ಅದರೊಳಗೆ ಓಡಾಡಿ ನೋಡಬೇಕೆಂಬುದು ಮೇಷ್ಟ್ರ ನಿಯಮ. ಉಳಿದವರು ಕಾಲೇಜಿನ ಅಂಗಳದಲ್ಲಿ ಸೀಮೆಸುಣ್ಣ ಹಿಡಿದು ಬರೆದರು. ನಾನು ಚಿಕ್ಕಮ್ಮನಿಂದ ರಂಗೋಲಿ ಪುಡಿ ಇಸಿದುಕೊಂಡು ನೇರ ಸೂರತ್ತಿನ ಆ ಹೊಸ ಫ್ಲಾಟಿಗೇ ಹೋದೆ. ಇಡೀ ಹಾಲಿನಲ್ಲಿ ಹೊಳೆಯುವ ಬಿಳಿ ಟೈಲ್ಸು. ಮೊದಲ ಸಲ ಬಂದಾಗ ಮನಸುಖಭಾಯಿ ಮುಂದಿಟ್ಟ ಮಾದರಿಗಳಲ್ಲಿ ಅದನ್ನು ಆರಿಸಿದವಳೂ ನಾನೇ, ಕೋಣೆ ದೊಡ್ಡದಾಗಿ ಕಾಣಲಿ ಎಂದು. ಬಿಳಿಯ ಮೇಲೆ ಬಿಳಿ ಕಾಣದೆ ಪುಡಿಗೆ ಕುಂಕುಮ ಬೆರೆಸಬೇಕಾಯಿತು. ಗುಲಾಬಿ ಸೋಫಾ, ಗುಲಾಬಿ ಮೇಜು, ಗುಲಾಬಿ ಜೋಕಾಲಿ.

ಲಿಫ್ಟು ಇನ್ನೂ ಹಾಕಿರಲಿಲ್ಲ. ಜೀವಿಬಾ ಹೇತಲಳ ಭುಜ ಹಿಡಿದು ಮೂರು ಮಹಡಿ ಹತ್ತಿ ಬಂದರು. ಹಿಂದೆ ಮನಸುಖಭಾಯಿ, ಕೈಯಲ್ಲಿ ಫೋನು. ಕಾವಲುಗಾರನಿಂದ ತಂದ ಸ್ಟೂಲನ್ನು ಜೋಕಾಲಿಯ ಆಯತದೊಳಗೆ ಇಟ್ಟೆ. ಅವರು ಸೀರೆ ಸರಿಮಾಡಿಕೊಂಡು ಕೂತರು.

“ಇದು ಸೋಫಾನಾ?” ಎಂದು ಹಿಂದೆ ತಿರುಗಿ ನೋಡಿದರು. “ಚೆನ್ನಾಗಿದೆ. ಒರೆಸಿದರೆ ಪೂರ್ತಿ ಹೋಗಿಬಿಡತ್ತೆ, ಇನ್ನೂ ಚೆನ್ನ.”

ಎಲ್ಲರೂ ನಕ್ಕೆವು. ಆಮೇಲೆ ಅವರು ಅಭ್ಯಾಸಬಲದಿಂದ ಹೆಬ್ಬೆರಳನ್ನು ನೆಲಕ್ಕೆ ಒತ್ತಿದರು. ಸ್ಟೂಲು ಅಲುಗಲಿಲ್ಲ.

“ದೀಕರಿ, ಇದು ಯಾವ ಕಡೆ ಹೋಗತ್ತೆ?”

“ಎಲ್ಲಿಗೂ ಹೋಗಲ್ಲ, ಬಾ. ಇಲ್ಲೇ ಇರತ್ತೆ. ಗಟ್ಟಿ ಕೊಂಡಿ ಇದೆ.”

ಹೇಳಿ ಮುಗಿಸುವಷ್ಟರಲ್ಲಿ ನನಗೇ ತಿಳಿಯಿತು. ಹೇತಲ್ ಹಣೆಗೆ ಕೈ ಹಚ್ಚಿಕೊಂಡಳು. “ಗಿರಿಜಾ, ಅರೇ ಯಾರ್, ಗಿರಿಜಾ...”

ನಕ್ಷೆಯಲ್ಲಿ ಚಲಿಸುವುದು ಬಾಗಿಲೊಂದೇ. ಅದು ತೆರೆಯುವ ದಾರಿಗೆ ಒಂದು ಕಾಲುವೃತ್ತ ಎಳೆಯುತ್ತೇವೆ. ಉಳಿದದ್ದೆಲ್ಲ ಹೆಪ್ಪುಗಟ್ಟಿ ನಿಂತಿರುತ್ತದೆ. ಕುರ್ಚಿಯನ್ನು ಯಾರೂ ಹಿಂದಕ್ಕೆ ಎಳೆಯುವುದಿಲ್ಲ, ಕಪಾಟಿನ ಮುಂದೆ ಯಾರೂ ಬಗ್ಗುವುದಿಲ್ಲ, ಮಗು ಓಡುವುದಿಲ್ಲ. ಅಂಥ ಒಂದು ಲೋಕದಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಳೆದ ನನಗೆ ಜೋಕಾಲಿಯೂ ಒಂದು ಬೆಂಚಾಗಿತ್ತು. ಗುಜರಾತಿನ ಯಾವ ವಿದ್ಯಾರ್ಥಿಯೂ ಈ ತಪ್ಪು ಮಾಡುತ್ತಿರಲಿಲ್ಲ. ಮಾಡಬೇಕಿದ್ದರೆ ಜೋಕಾಲಿಯನ್ನು ಹಬ್ಬದಲ್ಲಿ ಮಾತ್ರ ಕಂಡ, ಮೊಳೆಗಳನ್ನು ಮನೆಮನೆಗೆ ಹಾಕಿ ಬೆಳೆದ ನನ್ನಂಥವಳೇ ಬೇಕು.

ಜೀವಿಬಾ ಎದ್ದರು. ತಾವೇ ಹಲಗೆಯಾದಂತೆ ಮುಂದಕ್ಕೆ ನಡೆದರು. ಕಾಲು ಊಟದ ಮೇಜಿನ ಗೆರೆಯನ್ನು ತುಳಿಯಿತು. ಹಿಂದಕ್ಕೆ ಬಂದರು, ಸೋಫಾದ ಗೆರೆ ಅಳಿಸಿತು. ಇನ್ನೊಮ್ಮೆ ಹೋದರು, ಬಂದರು. ಅಣಕಿಸುವುದಕ್ಕಲ್ಲ, ಎಲ್ಲಾದರೂ ಹಿಡಿಸೀತೇ ಎಂದು ನೋಡುತ್ತಿದ್ದರು.

“ಹಾಗಾದರೆ ಕೂರಲಿಲ್ಲ,” ಎಂದರು ಮನಸುಖಭಾಯಿ. ದನಿಯಲ್ಲಿ ಗೆಲುವೇನೂ ಇರಲಿಲ್ಲ. ಒಂದು ಹರಳನ್ನು ಬೆಳಕಿಗೆ ಹಿಡಿದು ಬಿರುಕು ಕಂಡಾಗ ಹೇಳುವ ಹಾಗೆ ಹೇಳಿದರು.

“ಒಂದು ಅವಕಾಶ ಕೊಡಿ ಕಾಕಾ.”

“ಜನ್ಮಾಷ್ಟಮಿ ಒಳಗೆ ಹೇಳು. ಮನೆ ತಗೊಂಡವರು ಕೇಳ್ತಾನೇ ಇದ್ದಾರೆ.”

ಜೀವಿಬಾ ಹೇತಲಳ ಭುಜ ಹಿಡಿದು ಇಳಿದು ಹೋದರು. ಮೆಟ್ಟಿಲ ಮೇಲೆ ಗುಲಾಬಿ ಹೆಜ್ಜೆ ಉಳಿದವು. ನಾನು ಅವುಗಳ ಹಿಂದೆ ಇಳಿದೆ.

ವರಾಛಾದ ಮನೆಗೆ ಹಿಂದಿರುಗಿ, ನಾಚಿಕೆಯ ಭರದಲ್ಲಿ ಹೊಸ ಕಾಗದ ಹರವಿದೆ. ಈ ಸಲ ಜೋಕಾಲಿ ಹೋಗಿ ಬರುವ ದಾರಿಯನ್ನು ಚುಕ್ಕೆಗೆರೆಯಲ್ಲಿ ಎಳೆದೆ. ನನಗೆ ಗೊತ್ತಿದ್ದದ್ದು ಪಂಚಮಿಯ ಜೀಕು ಒಂದೇ. ಚುಕ್ಕೆಗೆರೆ ಸೋಫಾ ದಾಟಿ, ಮೇಜು ದಾಟಿ, ಗೋಡೆ ತೂರಿ ಪಕ್ಕದ ಫ್ಲಾಟಿನ ಅಡುಗೆಮನೆಗೆ ಹೋಯಿತು.

ಹೇತಲ್ ಬಗ್ಗಿ ನೋಡಿದಳು. “ಬಾ ಸರ್ಕಸ್ಸಿನಲ್ಲಿದ್ದಾರೆ ಅಂತ ನಿನಗೆ ಯಾರು ಹೇಳಿದರು?”

ಅಂದರೆ ನಿಂತ ಜೋಕಾಲಿಯೂ ಸುಳ್ಳು, ಹಾರುವ ಜೋಕಾಲಿಯೂ ಸುಳ್ಳು. ನಿಜವಾದದ್ದು ಎಷ್ಟು ದೂರ ಹೋಗುತ್ತದೆ? ಮರುದಿನ ಬೆಳಿಗ್ಗೆ ಟೇಪು ಹಿಡಿದು ಜೀವಿಬಾ ಮುಂದೆ ನೆಲದಲ್ಲಿ ಕೂತೆ.

“ದಿನಾ ಹೇಗೆ ತೂಗ್ತೀರೋ ಹಾಗೆ ತೂಗಿ, ಬಾ.”

ಟೇಪು ಕಂಡದ್ದೇ ತಡ, ಅವರು ಬೆನ್ನು ನೆಟ್ಟಗೆ ಮಾಡಿಕೊಂಡು ಎರಡೂ ಕಾಲಿನಿಂದ ಒದ್ದರು. ಹಲಗೆ ನನ್ನ ಮೂಗಿನವರೆಗೆ ಬಂತು. ಫೋಟೋ ತೆಗೆಯುವಾಗ ನಾವು ಉಸಿರು ಬಿಗಿಹಿಡಿಯುವುದಿಲ್ಲವೇ, ಹಾಗೆ. “ದಿನಾ ಹೀಗೇನಾ?” ಎಂದೆ. “ದಿನಾ ಇದಕ್ಕಿಂತ ಜೋರು,” ಎಂದರು. ಒಳಗಿನಿಂದ ಹೇತಲಳ ಅಮ್ಮ ನಕ್ಕದ್ದು ಕೇಳಿಸಿತು.

ಟೇಪನ್ನು ಚೀಲಕ್ಕೆ ಹಾಕಿದೆ. ಪಕ್ಕದಲ್ಲಿ ಕೂತು ಶೇಂಗಾ ಸುಲಿಯತೊಡಗಿದೆ. ಈ ಜೋಕಾಲಿ ಎಲ್ಲಿಂದ ಬಂತು ಎಂದು ಕೇಳಿದೆ. ಸೌರಾಷ್ಟ್ರದ ಹಳ್ಳಿಯಿಂದ ಸೂರತ್ತಿಗೆ ಬಂದ ಹೊಸದರಲ್ಲಿ ಗಂಡ ಹೆಂಡತಿ ಇದ್ದದ್ದು ಒಂದು ಖೋಲಿಯಲ್ಲಿ. ಮಂಚಕ್ಕೆ ಜಾಗವಿರಲಿಲ್ಲ. ತವರಿನವರು ಕೊಟ್ಟ ಈ ಹಲಗೆಯೇ ಮಂಚ, ಈ ಹಲಗೆಯೇ ತೊಟ್ಟಿಲು. “ಮನಸುಖ ರಾತ್ರಿಯೆಲ್ಲ ಅಳ್ತಿದ್ದ. ಇದರ ಮೇಲೆ ಹಾಕಿ, ನಾನು ಕೆಳಗೆ ಮಲಗಿ, ಕಾಲಿನಲ್ಲಿ ತೂಗ್ತಿದ್ದೆ. ಕಾಲು ನಿಂತರೆ ಎದ್ದುಬಿಡ್ತಿದ್ದ, ಹರಾಮಿ.” ಮಾತಿನಲ್ಲಿ ಮುಳುಗಿದ್ದಾಗ ಅವರ ಹೆಬ್ಬೆರಳು ತನ್ನ ಪಾಡಿಗೆ ಕೆಲಸ ಶುರುಮಾಡಿತ್ತು. ನಾನು ಕೆಳಗೆ ನೋಡಿದೆ. ಬೂದು ಬಣ್ಣದ ಕೋಟಾ ಕಲ್ಲಿನ ನೆಲದಲ್ಲಿ ಆ ಬೆರಳು ತಾಗುವ ಕಡೆ ಮಾತ್ರ ಒಂದು ಉದ್ದನೆಯ ನುಣುಪು ಪಟ್ಟಿ. ಒಂದು ಚಪ್ಪಡಿಯ ನಡುವಿನಿಂದ ಪಕ್ಕದ ಚಪ್ಪಡಿಯ ನಡುವಿನವರೆಗೆ. ಒಂದು ಮೊಳಕ್ಕಿಂತ ಸ್ವಲ್ಪ ಹೆಚ್ಚು. ಜೋಕಾಲಿ ಹೋಗುತ್ತಿದ್ದದ್ದು ಅಷ್ಟು, ಹೆಚ್ಚೆಂದರೆ ಅದರಾಚೆಗೆ ಇನ್ನೊಂದು ಗೇಣು. ಭರಣಿಯ ಮುಚ್ಚಳವನ್ನೂ ಬಿಡದೆ ಅಳೆದಿದ್ದೆನಲ್ಲ, ಈ ಪಟ್ಟಿಯನ್ನು ಮಾತ್ರ ಕಾಣದೆ ಅದರ ಮೇಲೇ ಟೇಪು ಎಳೆದುಕೊಂಡು ಓಡಾಡಿದ್ದೆ.

ಆಮೇಲಿನ ನಕ್ಷೆಯನ್ನು ಜೋಕಾಲಿಯಿಂದ ಶುರುಮಾಡಿದೆ. ಮೊದಲು ಅದರ ಓಡಾಟ. ಉಳಿದವು ಉಳಿದ ಜಾಗದಲ್ಲಿ. ಮೂರು ಜನರ ಸೋಫಾ ಇಬ್ಬರದಾಗಿ ಗೋಡೆಗೆ ಒರಗಿತು. ಊಟದ ಮೇಜು ಗೋಡೆಗೆ ಮಡಚುವ ಹಲಗೆಯಾಯಿತು. ಹೇತಲಳ ಅಮ್ಮ ಸ್ವಲ್ಪ ಹೊತ್ತು ಮುಖ ಊದಿಸಿದರು, ನಂತರ, “ಹೇಗೂ ನಾವು ನೆಲದ ಮೇಲೇ ಊಟ ಮಾಡೋದು, ಮೇಜು ನೆಂಟರಿಗೆ ತೋರಿಸೋಕೆ ಬೇಕಿತ್ತು,” ಎಂದರು. ಮನಸುಖಭಾಯಿ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. ಚುಕ್ಕೆಗೆರೆಗೂ ಸೋಫಾಕ್ಕೂ ನಡುವೆ ಉಗುರಿನಿಂದ ಅಳೆದರು.

“ಬಾ ಇಷ್ಟೇ ತೂಗ್ತಾಳೆ ಅಂತ ಏನು ಗ್ಯಾರಂಟಿ?”

“ನಿಮ್ಮ ಮನೆ ನೆಲ ನೋಡಿ ಕಾಕಾ.”

ಅವರು ಎದ್ದು ಮುಂದಿನ ಕೋಣೆಗೆ ಹೋದರು. ಜೀವಿಬಾ ಕಾಲೂರಿ ನಿಲ್ಲಿಸಿದರು, ಮಗ ದಾಟಲಿ ಎಂದು. ಅವರು ದಾಟಲಿಲ್ಲ. ಕುಕ್ಕರಗಾಲಿನಲ್ಲಿ ಕೂತು, ಕೆಲಸದಲ್ಲಿ ಹರಳು ನೋಡುವಂತೆ ತಲೆ ಓರೆಮಾಡಿ, ಕಲ್ಲಿನ ಮೇಲೆ ಬೆರಳು ಆಡಿಸಿದರು. “ಸರಿ,” ಎಂದರು ಕೊನೆಗೆ, ನನ್ನ ಕಡೆ ತಿರುಗಿ. “ತರ್ತೀನಿ.”

ಕಾಲೇಜಿನಲ್ಲಿ ಈ ಎರಡನೆಯ ನಕ್ಷೆಗೆ ಮೊದಲಿನದಕ್ಕಿಂತ ಕಡಿಮೆ ಹೊಗಳಿಕೆ ಬಂತು. ಹಾಲ್ ಇಕ್ಕಟ್ಟಾಗಿದೆ ಎಂದರು ಮೇಷ್ಟ್ರು. ಚುಕ್ಕೆಗೆರೆಯನ್ನು ಬಹಳ ಹೊತ್ತು ನೋಡಿ, ಇದು ಯಾರ ಕಾಲಿನ ಅಳತೆ ಎಂದು ಕೇಳಿದರು. ಹೇಳಿದೆ. ಅವರು ಮುಂದಿನ ಹಾಳೆ ತಿರುವಿದರು.

ದೀಪಾವಳಿ ರಜೆ ಮುಗಿಸಿ ಗದಗಿನಿಂದ ಬರುವಾಗ ಸೂರತ್ತಿನಲ್ಲಿ ಇಳಿದೆ. ಲಿಫ್ಟು ಓಡುತ್ತಿತ್ತು. ಬಾಗಿಲು ತೆರೆದಿತ್ತು. ನನ್ನ ನಕ್ಷೆ ಎದ್ದು ನಿಂತು ಮನೆಯಾಗಿತ್ತು: ಗೋಡೆಗೆ ಇಬ್ಬರ ಸೋಫಾ, ಮಡಚಿದ ಮೇಜು, ನಡುವೆ ಹಿತ್ತಾಳೆಯ ಸರಪಳಿ, ತೇಗದ ಹಲಗೆ, ಜೀವಿಬಾ. ಆದರೆ ಜೋಕಾಲಿ ತೂಗುತ್ತಿರಲಿಲ್ಲ.

“ಆವ ದೀಕರಿ, ಬೇಸ. ಸೋಫಾದ ಮೇಲೆ ಕೂರು, ದುಡ್ಡು ಕೊಟ್ಟು ತಂದಿದ್ದಾನೆ.”

ಕೂತು ನೋಡಿದೆ. ಅವರು ಹೆಬ್ಬೆರಳಿನಿಂದ ನೆಲವನ್ನು ಒತ್ತಿದರು. ಬೆರಳು ಜಾರಿತು. ಮತ್ತೆ ಒತ್ತಿದರು, ಮತ್ತೆ ಜಾರಿತು. ನಾನು ಆರಿಸಿದ ಆ ಹೊಳೆಯುವ ಟೈಲ್ಸಿನ ಮೇಲೆ ಅವರ ಒಣಕಲು ಬೆರಳಿಗೆ ಹಿಡಿತವೇ ಸಿಗುತ್ತಿರಲಿಲ್ಲ.

“ಏ ಮನಸುಖ!” ಎಂದು ಕೂಗಿದರು ಜೀವಿಬಾ. “ಧಕ್ಕೋ ಮಾರ!” ಒಂದು ನೂಕು ನೂಕು ಎಂದು.

ಮನಸುಖಭಾಯಿ ಕೋಣೆಯಿಂದ ಬಂದರು. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಇದ್ದರು, ಕೆಲಸಕ್ಕೆ ಹೊರಟಿದ್ದರು. ನನಗೆ ತಲೆಯಾಡಿಸಿ, ತಾಯಿಯ ಹಿಂದೆ ನಿಂತು ಹಲಗೆಯನ್ನು ನೂಕಿದರು. ಅದು ಹೋಯಿತು, ಬಂತು. ಇನ್ನೊಮ್ಮೆ ನೂಕಿದರು. “ಮಧ್ಯಾಹ್ನ ಸಜ್ಜೆಯ ರೋಟ್ಲೋ ಮಾಡ್ತಾರಂತೆ, ಬರ್ತೀಯಾ?” ಎಂದರು ಜೀವಿಬಾ, ಹಿಂದೆ ತಿರುಗದೆ. “ನೋಡೋಣ,” ಎಂದರು ಮಗ. “ನೋಡೋಣ ಅಂದರೆ ಇಲ್ಲ ಅಂತ.” “ಬರ್ತೀನಿ, ಬಾ, ಬರ್ತೀನಿ.” ಬೂಟು ಹುಡುಕಲು ಒಳಗೆ ಹೋದರು.

ನಾನು ಸೋಫಾದ ತುದಿಗೆ ಬಂದು ಮೆಲ್ಲಗೆ ಹೇಳಿದೆ: “ತಪ್ಪು ನನ್ನದು ಬಾ. ಈ ನಾಲ್ಕು ಟೈಲ್ಸು ತೆಗೆಸಿ ಅಲ್ಲಿ ಒಂದು ಒರಟು ಕಲ್ಲು ಕೂರಿಸೋಣ. ಅರ್ಧ ದಿನದ ಕೆಲಸ. ನೀವೇ ಮೊದಲಿನ ಹಾಗೆ—”

ಜೀವಿಬಾ ಒಳಬಾಗಿಲ ಕಡೆ ಒಮ್ಮೆ ನೋಡಿದರು. ಸರಪಳಿ ಹಿಡಿದು ನನ್ನತ್ತ ಬಾಗಿದರು.

“ಬಾಯಿ ಮುಚ್ಚು,” ಎಂದರು ಪಿಸುದನಿಯಲ್ಲಿ. “ಕಲ್ಲು ಗಿಲ್ಲು ಅಂತ ಅವನ ಮುಂದೆ ಎತ್ತೀಯ ಮತ್ತೆ.”

ಹಲಗೆ ನಿಧಾನವಾಗುತ್ತಿತ್ತು. ಅದು ಪೂರ್ತಿ ನಿಲ್ಲುವವರೆಗೆ ಅವರು ಕಾಯಲಿಲ್ಲ.

“ಮನಸುಖ! ನಿಂತೇ ಹೋಯ್ತು ನೋಡು!”

ಒಂದು ಕಾಲಿಗೆ ಮಾತ್ರ ಬೂಟು ಹಾಕಿಕೊಂಡು ಮನಸುಖಭಾಯಿ ಕುಂಟುತ್ತ ಬಂದರು. ಎರಡೂ ಕೈ ಹಚ್ಚಿ ನೂಕಿದರು, ಸ್ವಲ್ಪ ಜೋರಾಗಿಯೇ. “ಅರೇ ಧೀಮೆ, ಮೆಲ್ಲಗೆ!” ಎಂದು ಜೀವಿಬಾ ಚೀರಿದರು, ಸೆರಗು ಹಾರಿತು, ನನ್ನ ಚುಕ್ಕೆಗೆರೆ ಎಲ್ಲಿಯೋ ಹಿಂದೆ ಉಳಿಯಿತು. ನಾನು ಎರಡೂ ಕಾಲನ್ನು ಸೋಫಾದ ಮೇಲಕ್ಕೆ ಎತ್ತಿಕೊಂಡೆ.